ಎಂಟೂವರೆಯ ಮಳೆ

ಕಕ್ಕಿಂಜೆಯ ಇಬ್ರಾಹಿಂ ಖಲೀಲರ ಕೊರಳಿಗೆ ಮಳೆಮಾಪಕವನ್ನು ಕಟ್ಟಿದವರು ನಾವು, ಶಾಲೆಯ ಮಾಸ್ತರರು. ಅದು ಮೊದಲು ಶಾಲೆಯ ಅಂಗಳದಲ್ಲಿತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಮೇಲಿನ ಆಲಿಕೆ ತೆಗೆದು, ಒಳಗಿನ ಬಾಟಲಿಯ ನೀರನ್ನು ಗೆರೆ ಹಾಕಿದ ಗ್ಲಾಸಿಗೆ ಸುರಿದು, ಪುಸ್ತಕದಲ್ಲಿ ಬರೆಯಬೇಕು. ಮಳೆಗೆ ಭಾನುವಾರವಿಲ್ಲ, ನಮಗಿತ್ತು. ಸೋಮವಾರ ಬಂದು ಎರಡು ದಿನದ ನೀರನ್ನು ಕಣ್ಣಂದಾಜಿನಲ್ಲಿ ಪಾಲು ಮಾಡಿ ಬರೆಯುತ್ತಿದ್ದೆವು. ಈ ಕಳ್ಳತನ ನಮಗೇ ಸಾಕಾಗಿ, 1992ರಲ್ಲಿ ಸೇತುವೆಯ ಪಕ್ಕದ ಜಿನಸಿ ಅಂಗಡಿಯ ಖಲೀಲರಿಗೆ ಅದನ್ನು ಒಪ್ಪಿಸಿ ಕೈತೊಳೆದುಕೊಂಡೆವು.

ಖಲೀಲರು ನಮ್ಮಂಥವರಲ್ಲ. ಜನವರಿಯ ಮಂಜಿನಲ್ಲಿ ಆಲಿಕೆಯ ಅಂಚಿಗೆ ನಾಲ್ಕು ಹನಿ ಇಬ್ಬನಿ ಕೂತಿದ್ದರೂ ಬಗ್ಗಿ ನೋಡುವರು, ಸೊನ್ನೆ ಬರೆಯುವರು. ಫೆಬ್ರವರಿ ಸೊನ್ನೆ, ಮಾರ್ಚ್ ಸೊನ್ನೆ. ಬನಿಯನ್ ಮೈಗಂಟುವ ಸೆಕೆಯಲ್ಲಿ ಅವರು ಗ್ಲಾಸು ಹಿಡಿದು ಅಂಗಳಕ್ಕಿಳಿದರೆ ಗಿರಾಕಿಗಳು ಬಿಸಿಲು ಎಷ್ಟು ಇಂಚು ಬಿತ್ತೆಂದು ಕೇಳಿ ನಗುತ್ತಿದ್ದರು. ಏಪ್ರಿಲ್ ಸಂಜೆಗಳಲ್ಲಿ ಗುಡುಗಿ, ಧೂಳು ಅಡಗುವಷ್ಟು ಸುರಿದು ಹೋಗುವ ಮಳೆ. ಜೂನ್ ಹಿಡಿದ ಮೇಲೆ ಒಂದೇ ಬೆಳಿಗ್ಗೆ ಗ್ಲಾಸನ್ನು ಏಳೆಂಟು ಸಲ ತುಂಬಿ ಚೆಲ್ಲಬೇಕು. ಅಕ್ಟೋಬರಿನಲ್ಲಿ ಬೆಳಿಗ್ಗೆಯೆಲ್ಲ ಬಿಸಿಲು, ಮಧ್ಯಾಹ್ನ ಸಿಡಿಲು. ವರ್ಷಕ್ಕೆ ನಾಲ್ಕು ಸಾವಿರ ಮಿಲ್ಲಿಮೀಟರ್ ದಾಟುವುದು ಇಲ್ಲಿ ಮಾಮೂಲು. ಅದೆಲ್ಲ ಅವರ ದುಂಡಗಿನ ಅಕ್ಷರದಲ್ಲಿ ತಿಂಗಳಿಗೊಂದು ಕಾರ್ಡಿನಲ್ಲಿ ತಾಲೂಕು ಕಚೇರಿಗೆ ಹೋಗುತ್ತಿತ್ತು. ಅಲ್ಲಿ ಯಾರಾದರೂ ಓದುತ್ತಿದ್ದರೋ, ಆ ದೇವರಿಗೇ ಗೊತ್ತು.

ಓದುವವರು ಬೇರೆ ಕಡೆ ಇದ್ದರು. ಖಲೀಲರಿಗೆ ಅಕ್ಕಿ ಕಳಿಸುತ್ತಿದ್ದ ಉದಯಶಂಕರ ಎಂಬವರ ಅಂಗಡಿ ಬಂಟ್ವಾಳ ಪೇಟೆಯಲ್ಲಿ. ಮುಂದೆ ಅಂಗಡಿ, ಹಿಂದೆ ಮನೆ, ಮನೆಯ ಹಿಂದೆ ನೇತ್ರಾವತಿ. ಘಟ್ಟದ ಮೇಲೆ ಸುರಿದದ್ದು ನಮ್ಮ ಹೊಳೆಯಲ್ಲಿ ಇಳಿದು, ನದಿ ಸೇರಿ, ಬಂಟ್ವಾಳ ಮುಟ್ಟಲು ಮಧ್ಯಾಹ್ನ ದಾಟುತ್ತದೆ. ಅಷ್ಟರೊಳಗೆ ಅಲ್ಲಿ ಅಕ್ಕಿಯ ಮೂಟೆಗಳು ಅಟ್ಟ ಹತ್ತಬೇಕು. ಮೂಟೆಗಳಿಗಿಂತ ಮೊದಲು ಉದಯಶಂಕರರ ತಾಯಿ ಸುಬ್ಬಮ್ಮ ಹತ್ತಬೇಕು. ಅವರಿಗೆ ಮೊಣಕಾಲು ಬಿದ್ದುಹೋಗಿತ್ತು. ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಹೊರೆ ಹೊರುವ ಚಿನ್ನಯ್ಯ ಮತ್ತು ಇನ್ನೊಬ್ಬ ಸೇರಿ ಕಡಿದಾದ ಮರದ ಮೆಟ್ಟಿಲಲ್ಲಿ ಎತ್ತಬೇಕು. ಖಲೀಲರ ಅಂಗಡಿಗೆ ಫೋನು ಬಂದ ಮೇಲೆ ಮಳೆಗಾಲದಲ್ಲಿ ಎಂಟು ಮುಕ್ಕಾಲಕ್ಕೆ ಬಂಟ್ವಾಳದ ಕರೆ ತಪ್ಪುತ್ತಿರಲಿಲ್ಲ. ಖಲೀಲರು ಅಂಕಿ ಹೇಳುವರು, ಜೊತೆಗೆ ಹೊಳೆಯ ಬಣ್ಣ, ತೇಲಿ ಬಂದ ಮರ, ಘಟ್ಟದ ಮೋಡ ಎಲ್ಲ ಹೇಳಿ, ಅಮ್ಮನನ್ನು ಹತ್ತಿಸಿ ಎನ್ನುವರು ಅಥವಾ ಬೇಡ ಎನ್ನುವರು. ಒಬ್ಬರ ಮುಖ ಒಬ್ಬರು ಕಾಣದ ಈ ವ್ಯವಹಾರ ಒಂಬತ್ತು ವರ್ಷ ನಡೆಯಿತು.

2005ರ ಮಳೆಗಾಲದಲ್ಲಿ ಅವರ ಮಾತು ಎರಡು ಸಲ ಸುಳ್ಳಾಯಿತು. ಎರಡು ಸಲವೂ ಸುಬ್ಬಮ್ಮ ಮೇಲೆ ಹೋದರು, ನೀರು ಅಂಗಳದ ಮೆಟ್ಟಿಲು ಮುಟ್ಟಿ ತಿರುಗಿತು, ಮರುದಿನ ಅವರನ್ನು ಕೆಳಗಿಳಿಸಿದರು. ಇನ್ನೊಂದು ಸಲ ಹೀಗಾದರೆ ಆ ಬ್ಯಾರಿಗಳೇ ಬಂದು ತನ್ನನ್ನು ಹೊರಲಿ ಎಂದು ಮುದುಕಿ ಬೈದರಂತೆ, ಪೇಟೆಯೆಲ್ಲ ನಕ್ಕಿತಂತೆ. ನಮ್ಮ ಕಡೆ ಮುಸ್ಲಿಮರಿಗೆ ಬ್ಯಾರಿಗಳು ಎನ್ನುತ್ತಾರೆ, ಮುದುಕಿ ಅಂದದ್ದು ಖಲೀಲರನ್ನೇ. ಉದಯಶಂಕರರು ಇದನ್ನು ತಮಾಷೆಗೆ ಹೇಳಿದ್ದು. ಖಲೀಲರು ತಮಾಷೆಯ ಜಾತಿಯವರಲ್ಲ, ಮನಸ್ಸಿಗೆ ಹಚ್ಚಿಕೊಂಡರು. ಹೆಂಡತಿ ನಸೀಬಾ, ಇನ್ನು ಅಂಕಿ ಮಾತ್ರ ಹೇಳಿ, ಹತ್ತುವುದು ಇಳಿಯುವುದು ಅವರ ಪಾಡು ಎಂದರು. ಖಲೀಲರಿಗೂ ಅದೇ ಸರಿ ಕಂಡಿತು. ಅಂಕಿಯನ್ನು ಯಾರೂ ಗೇಲಿ ಮಾಡುವ ಹಾಗಿಲ್ಲವಲ್ಲ.

ಅದೇ ವರ್ಷ ಜುಲೈ ಕೊನೆಗೆ, ಜಡಿಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ ಬಾಟಲಿಯಲ್ಲಿ ಇದ್ದದ್ದು ಮೂವತ್ತೊಂದು ಮಿಲ್ಲಿಮೀಟರ್. ಆಟಿಗೆ ಅದು ಮಳೆಯೇ ಅಲ್ಲ. ಆದರೆ ಘಟ್ಟ ಕಾಣದಂತೆ ಮೋಡ ಕವಿದಿತ್ತು. ಸೇತುವೆಯ ಕೆಳಗೆ ಹೊಳೆ ಕೆಂಪಾಗಿ, ಬುಡಸಮೇತ ಕಿತ್ತ ಬೈನೆ ಮರವೊಂದನ್ನು ಉರುಳಿಸಿಕೊಂಡು ಹೋಯಿತು. ಖಲೀಲರು ಅದನ್ನು ನೋಡಿದರು, ಪಕ್ಕದಲ್ಲಿ ನಿಂತ ನಾನೂ ನೋಡಿದೆ. ಎಂಟು ಮುಕ್ಕಾಲಕ್ಕೆ ಫೋನು ಬಂತು. ಖಲೀಲರು ಮೂವತ್ತೊಂದು ಎಂದರು, ಇಟ್ಟರು. ಹೊಳೆಯ ಸುದ್ದಿ ಹೇಳಲಿಲ್ಲವಾ ಎಂದು ನಾನು ಕೇಳಬಹುದಿತ್ತು. ಬಸ್ಸಿಗೆ ತಡವಾಯಿತೆಂದು ಹೊರಟುಬಿಟ್ಟೆ.

ಅಂಕಿ ಸುಳ್ಳಾಗಿರಲಿಲ್ಲ. ಅದನ್ನು ನಂಬಿ ಉದಯಶಂಕರರು ಮೂಡಬಿದ್ರಿಗೆ ನೆಂಟರ ಮದುವೆ ಮಾತುಕತೆಗೆ ಹೋದರು. ಮೂರು ಗಂಟೆಗೆ ನೀರು ಹಿತ್ತಲಿನಿಂದ ನುಗ್ಗಿತು. ಸೊಸೆ ಕೂಗಿಕೊಂಡು ಚಿನ್ನಯ್ಯನನ್ನು ಕರೆಸುವಷ್ಟರಲ್ಲಿ ಸುಬ್ಬಮ್ಮನ ಮಂಚ ಅಲುಗಾಡುತ್ತಿತ್ತು. ಎದೆಮಟ್ಟದ ನೀರಿನಲ್ಲಿ ಕುರ್ಚಿ ಹೊತ್ತು ತಂದರು. ಒದ್ದೆಯಾದ ಐದನೆಯ ಮೆಟ್ಟಿಲಲ್ಲಿ ಚಿನ್ನಯ್ಯನ ಕಾಲು ಜಾರಿತು. ಮುದುಕಿಯ ಜೀವ ಉಳಿಯಿತು, ಸೊಂಟದ ಮೂಳೆ ಮುರಿಯಿತು.

ಉದಯಶಂಕರರು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ತಾಯಿಯ ಮಂಚವನ್ನು ಅಟ್ಟಕ್ಕೆ ಕಾಯಮ್ಮಾಗಿ ಸಾಗಿಸಿದ್ದಾಗಿಯೂ, ಇನ್ನು ಪ್ರತಿದಿನ ತೊಂದರೆ ಕೊಡುವುದಿಲ್ಲವೆಂದೂ ಹೇಳಿದರು. ಆಮೇಲೆ ಅಕ್ಕಿಯ ಮಾತು ಇತ್ತು, ಮಳೆಯ ಮಾತು ನಿಂತಿತು. ಖಲೀಲರು ಆಗಸ್ಟಿನಲ್ಲಿ ಒಂದು ದಿನ ಜೇನಿನ ಬಾಟಲಿ ಹಿಡಿದು, ಅಮ್ಮನ ಹತ್ತಿರ ತಪ್ಪಾಯಿತೆಂದು ಹೇಳಿ ಬರುತ್ತೇನೆಂದು ಬಸ್ಸು ಹತ್ತಿದರು. ಬಂಟ್ವಾಳ ಬಂತು, ಏಳಲಾಗಲಿಲ್ಲ. ಮುಂದಿನ ನಿಲ್ದಾಣ ಬಿ.ಸಿ.ರೋಡಿನವರೆಗೆ ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಕೂತು, ಬಾಟಲಿಯನ್ನು ಹಾಗೇ ವಾಪಸು ತಂದರು. ಅದನ್ನು ನನಗೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನನಗೂ ಅವರ ಮುಖ ನೋಡುವ ಧೈರ್ಯವಿರಲಿಲ್ಲ.

ಅಳೆಯುವುದನ್ನು ಮಾತ್ರ ಅವರು ಬಿಡಲಿಲ್ಲ. ಸೊನ್ನೆಗಳ ತಿಂಗಳುಗಳು ಕಳೆದವು, ಸೆಕೆ ಬಂತು, ಜೂನ್ ಬಂತು. ಎಂಟು ಮುಕ್ಕಾಲಕ್ಕೆ ಗಿರಾಕಿ ಕಾಯುತ್ತಿದ್ದರೂ ಕೈ ನಿಲ್ಲಿಸಿ ಫೋನಿನ ಕಡೆ ನೋಡುತ್ತಿದ್ದರು. ಈ ಮನುಷ್ಯನನ್ನು ಸುಮ್ಮನೆ ಉಪ್ಪು ಮೆಣಸು ಮಾರಲು ಬಿಡದೆ ಹೋದೆವಲ್ಲ ಎಂದು ನನಗೆ ನಮ್ಮ ಮೇಲೆಯೇ ಸಿಟ್ಟು ಬರುತ್ತಿತ್ತು.

ಜುಲೈಯ ಒಂದು ಬೆಳಿಗ್ಗೆ ಫೋನು ಬಂತು. ಸುಬ್ಬಮ್ಮ. ಮೊಮ್ಮಗಳು ನವ್ಯಶ್ರೀಯಿಂದ ನಂಬರು ಒತ್ತಿಸಿ ಮಾತಾಡುತ್ತಿದ್ದರು. ಕಿವಿ ಮಂದವಾದವರ ದೊಡ್ಡ ಸ್ವರ, ಬಾಗಿಲಲ್ಲಿ ನಿಂತ ನನಗೂ ಕೇಳುತ್ತಿತ್ತು. ಮಳೆ ಎಷ್ಟುಂಟು ಎಂದು ಕೇಳಿದರು.

"ನೂರ ಹನ್ನೆರಡು ಉಂಟು ಅಮ್ಮ," ಎಂದರು ಖಲೀಲರು. "ಹೋದ ವರ್ಷ ಹೊಳೆ ಕೆಂಪಾದದ್ದು ನಾನು ಕಂಡಿದ್ದೆ. ಹೇಳಲಿಲ್ಲ. ಪುನಃ ಸುಳ್ಳಾದರೆ ನೀವು ಬೈತೀರಿ ಅಂತ ಹೆದರಿದೆ."

ಸುಬ್ಬಮ್ಮ ಸ್ವರ ಇನ್ನಷ್ಟು ಏರಿಸಿದರು.

"ಬೈದದ್ದು ಹೌದು. ಬೈದದ್ದು ಬಾಯಲ್ಲಿ ಮಾತ್ರ ಬ್ಯಾರಿಗಳೇ. ನಿಮ್ಮ ಮಾತು ಸುಳ್ಳಾದರೆ ಮರುದಿನ ನನ್ನನ್ನು ಕೆಳಗೆ ಇಳಿಸ್ತಿದ್ರು. ಈಗ ಒಂದು ವರ್ಷ ಆಯ್ತು, ಯಾರೂ ಇಳಿಸ್ಲಿಲ್ಲ."

ಖಲೀಲರು ಕಣ್ಣು ತುಂಬಿ ಬಂದದ್ದನ್ನು ಗಿರಾಕಿಗಳ ಎದುರೇ ತೋಳಿನಿಂದ ಒರೆಸಿಕೊಂಡರು. ಮುದುಕಿ ಫೋನು ಇಡಲಿಲ್ಲ, ಇವರೂ ಇಡಲಿಲ್ಲ. ಆಮೇಲೆ ಸುಬ್ಬಮ್ಮ, ಅಟ್ಟದ ಕಿಟಕಿಯಿಂದ ತನಗೆ ಎದುರು ಮನೆಯ ಹಂಚಿನ ಮಾಡು ಬಿಟ್ಟು ಬೇರೆ ಏನೂ ಕಾಣುವುದಿಲ್ಲ, ನಿಮ್ಮ ಹೊಳೆ ಹೇಗುಂಟು ಹೇಳಿ ಎಂದರು. ಖಲೀಲರು ಫೋನಿನ ವಯರು ಎಟಕುವಷ್ಟು ದೂರ ಎಳೆದುಕೊಂಡು ನನ್ನ ಪಕ್ಕಕ್ಕೆ, ಬಾಗಿಲಿಗೆ ಬಂದು ನಿಂತು, ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದರು.