ಹುಳುಮನೆಯ ಪ್ರೇಮಪಾಠ

ನಾನು ಓದಿದೋನಲ್ಲ, ಆದರೆ ನನಗೆ ಗೊತ್ತಿಲ್ಲದ ವಿದ್ಯೆ ಮುಳಬಾಗಿಲು ಸೀಮೆಯಲ್ಲೇ ಇಲ್ಲ. ಮೊನ್ನೆ ರೇಷ್ಮೆಗೂಡಿನ ಚೀಲ ಹಾಕ್ಕೊಂಡು ಕೋಲಾರದ ಬಸ್ಸಲ್ಲಿ ಕೂತಿದ್ದೆ. ಪಕ್ಕದಲ್ಲಿ ಹೆಂಡತಿ, ಮುಖ ಮಾತ್ರ ಕಿಟಕಿ ಕಡೆಗೆ. ನೆಂಟರ ಮದುವೇಲಿ ನಾನು, "ಇವಳಪ್ಪ ನನ್ನ ಕಾಲು ಹಿಡ್ಕೊಂಡು ಹೆಣ್ಣು ಕೊಟ್ಟ" ಅಂತ ಬುರುಡೆ ಬಿಟ್ಟಿದ್ದೆ. ಅವತ್ತಿಂದ ನನ್ನ ಜೊತೆ ಮಾತಿಲ್ಲ.

ಮುಂದಿನ ಸೀಟಲ್ಲಿ ಸಂಸ್ಕೃತದ ಮೇಷ್ಟ್ರೊಬ್ಬರು ಪುಸ್ತಕ ಓದ್ತಿದ್ದರು. ಏನದು ಅಂದೆ. "ಹಳೇ ಕಾಮಶಾಸ್ತ್ರ" ಅಂದರು.

"ಅದಾ? ನಂಗೆ ಬಾಯಿಪಾಠ ಸ್ವಾಮಿ!"

"ಹಾಗಾದ್ರೆ ಹೊಸ ಹೆಂಡತಿ ಹತ್ರ ಮೊದಲು ಏನು ಮಾಡಬೇಕಂತೆ, ಹೇಳಿ ಯಜಮಾನ್ರೇ."

ಬಸ್ಸಲ್ಲಿದ್ದೋರೆಲ್ಲ ಕಿವಿ ನಿಗುರಿಸಿದರು. ನಾನು ಚೀಲದ ಗಂಟು ಬಿಚ್ಚಿ ಮತ್ತೆ ಕಟ್ಟೋಕೆ ಶುರುಮಾಡಿದೆ.

ಕೊನೆಗೆ ಮೇಷ್ಟ್ರೇ ಹೇಳಿದರು. ಹಿಂದಿನ ಆಚಾರ್ಯರ ಮಾತೆಲ್ಲ ಒಟ್ಟುಮಾಡಿ ಬರೆದದ್ದಂತೆ ಅದು. ಹಾಸಿಗೆ ವಿಷಯ ಒಂದು ಭಾಗ ಅಷ್ಟೇ, ಉಳಿದದ್ದು ಬಾಳೋ ರೀತಿ. ಮೊದಲ ಮೂರು ರಾತ್ರಿ ಆತುರ ಕೂಡದು, ಮೆತ್ತಗೆ ಮಾತಾಡಿ ನಂಬಿಕೆ ಗಳಿಸಬೇಕಂತೆ.

"ಇಷ್ಟೇನಾ! ರೇಷ್ಮೆಹುಳ ಪೊರೆ ಬಿಡೋಕೆ ಕೂತಾಗ ನಾವು ಸೊಪ್ಪು ಹಾಕಲ್ಲ, ಮುಟ್ಟಲ್ಲ. ಅವೇ ತಲೆ ಎತ್ತೋವರೆಗೂ ಕಾಯ್ತೀವಿ" ಅಂದೆ.

ಹೆಂಡತಿ ತಿರುಗಿದಳು. "ಮೇಷ್ಟ್ರೇ, ಹುಳಕ್ಕೆ ಕೊಡೋ ಮರ್ಯಾದೆ ಹೆಂಡ್ತಿಗೂ ಕೊಡು ಅಂತ ಅದರಲ್ಲಿ ಬರೆದಿದ್ಯಾ, ನೋಡಿ."

ಎಲ್ಲರೂ ನಕ್ಕರು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಆವನಿ ಬೆಟ್ಟ ಹೆಗಲ ಮೇಲೆ ಹೊತ್ತಾಗಲೂ ಅಷ್ಟು ಕಷ್ಟ ಆಗಿರಲಿಲ್ಲ. ಕೋಲಾರದಲ್ಲಿ ಇಳಿದ ಮೇಲೆ ಅವಳೇ, "ಟೀ ಕುಡಿಸಿ" ಅಂದಳು.

ಆ ಪುಸ್ತಕ ಬರೆದೋನು ನಮ್ಮ ಹುಳುಮನೇಲೇ ಕಲಿತದ್ದು ಅಂತ ಈಗ ಎಲ್ಲರಿಗೂ ಹೇಳ್ತೀನಿ, ಅವಳು ಹತ್ತಿರ ಇಲ್ಲದಾಗ.