ಬಾಣಂತಿ ಕೋಣೆಯ ನೆಲ

ಸುಂಟಿಕೊಪ್ಪದಲ್ಲಿ ದಿನಸಿ ಅಂಗಡಿ ಜಯಪ್ಪನ ಮನೆ ಯಾವುದೆಂದು ಯಾರೂ ಕೈ ತೋರಿಸಿ ಹೇಳಬೇಕಾಗಿರಲಿಲ್ಲ. ಫಿನಾಯಿಲ್ ವಾಸನೆ ಹಿಡಿದು ನಡೆದರೆ ಮನೆ ಬಾಗಿಲೇ ಸಿಗುತ್ತದೆ ಎಂದು ಬಸ್ ನಿಲ್ದಾಣದಲ್ಲಿ ತಮಾಷೆ ಮಾಡುತ್ತಿದ್ದರು. ಆ ವಾಸನೆಯ ಯಜಮಾನಿ ಜಯಪ್ಪನ ಹೆಂಡತಿ ವಿಶಾಲಾಕ್ಷಮ್ಮ. ವಯಸ್ಸು ಐವತ್ತೆಂಟು. ಎರಡು ಮಂಡಿಯೂ ಸವೆದಿದ್ದವು, ಆದರೂ ದಿನಕ್ಕೆ ಎರಡು ಸಲ ನೆಲ ಒರೆಸಿದ್ದು ಕಣ್ಣಿಗೆ ಬೀಳದೆ ಅವಳಿಗೆ ಊಟ ಸೇರುತ್ತಿರಲಿಲ್ಲ. ನೆಂಟರು ಎದ್ದ ಜಾಗವನ್ನು ಅವರು ಗೇಟು ದಾಟುವ ಮೊದಲೇ ಒರೆಸಬೇಡವೆಂದು ಜಯಪ್ಪ ಮೂವತ್ತು ವರ್ಷ ಹೇಳಿ ಸುಸ್ತಾಗಿದ್ದ.

ನಗುವವರಿಗೇನು, ನಗುತ್ತಾರೆ. ಅವಳ ಒಳಗಿನ ಹೆದರಿಕೆ ಅವಳಿಗೆ ಗೊತ್ತು. ಶನಿವಾರಸಂತೆ ಕಡೆಯ ತವರಿನಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲದ ಮೇಲೆ ಅವಳ ಚೊಚ್ಚಲ ಗಂಡುಮಗು ಹುಟ್ಟಿತ್ತು. ಎಂಟು ದಿನ ಚೆನ್ನಾಗಿ ಹಾಲು ಕುಡಿಯಿತು. ಒಂಬತ್ತನೆಯ ದಿನ ದವಡೆ ಬಿಗಿದು, ಮೈ ಸೆಟೆದು, ಸಂಜೆಯೊಳಗೆ ಹೋಯಿತು. ಹೊಕ್ಕುಳಿಗೆ ನೆಲದ ಮಣ್ಣು ತಾಗಿ ನಂಜಾಗಿದೆ ಎಂದು ನರ್ಸಮ್ಮ ಹೇಳಿದಳು. ಆಗ ವಿಶಾಲಾಕ್ಷಮ್ಮನಿಗೆ ಇಪ್ಪತ್ತೊಂದು. ಅಂದಿನಿಂದ ಅವಳಿಗೆ ಕೇಡು ಬರುವುದು ಆಕಾಶದಿಂದಲ್ಲ, ಜನರಿಂದಲ್ಲ, ಕಾಲ ಕೆಳಗಿನ ನೆಲದಿಂದ. ಮಣ್ಣಿನ ನೆಲ ಹೋಗಿ ಸಿಮೆಂಟು ಬಂತು, ಸಿಮೆಂಟು ಹೋಗಿ ಟೈಲ್ಸ್ ಬಂತು, ಅವಳ ಹೆದರಿಕೆ ಮಾತ್ರ ಹೋಗಲಿಲ್ಲ.

ಈಗ ಮಗಳು ದಿವ್ಯಶ್ರೀ ಹೆರಿಗೆಗೆ ಬರುವವಳಿದ್ದಳು. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು. ಹಿತ್ತಲ ಕಡೆಯ ಕೋಣೆಯನ್ನು ಬಾಣಂತಿ ಕೋಣೆಯೆಂದು ಗೊತ್ತು ಮಾಡಿದ ದಿನವೇ ವಿಶಾಲಾಕ್ಷಮ್ಮ ಒಂದು ಕಟ್ಟಳೆ ಹಾಕಿದಳು. ಮನೆಕೆಲಸದ ಬೆಳ್ಳಿ ಆ ಕೋಣೆಯ ಹೊಸ್ತಿಲು ದಾಟಕೂಡದು.

ಬೆಳ್ಳಿ ಹತ್ತಿರದ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಬರುವವಳು. ಹನ್ನೊಂದು ವರ್ಷದಿಂದ ಆ ಮನೆಯ ಮೂಲೆ ಮೂಲೆಯನ್ನೂ ಕುಕ್ಕರಗಾಲಲ್ಲಿ ಕೂತು ಒರೆಸಿದವಳು. ತನ್ನ ನಾಲ್ಕು ಮಕ್ಕಳನ್ನೂ ಲೈನ್ ಮನೆಯಲ್ಲೇ ಹೆತ್ತು, ನಾಲ್ವರನ್ನೂ ಉಳಿಸಿಕೊಂಡವಳು. ಆದರೆ ಅವಳ ಕಾಲಿನಲ್ಲಿ ತೋಟದ ಮಣ್ಣಿರುತ್ತದೆ ಎಂದು ವಿಶಾಲಾಕ್ಷಮ್ಮ ಹೇಳುತ್ತಿದ್ದಳು. ಕಾಲು ತೊಳೆದು ಬಂದರೂ ಆ ಮಣ್ಣು ಹೋಗುವುದಿಲ್ಲ ಎಂಬಂತೆ ಹೇಳುತ್ತಿದ್ದಳು. ಬೆಳ್ಳಿ ಹೂಂ ಅಂದಳು. ಅವಳಿಗೆ ಇಂಥ ಮಾತು ಹೊಸದಲ್ಲ.

ಹಾಗಾದರೆ ಆ ಕೋಣೆ ಒರೆಸುವವರು ಯಾರು? ವಿಶಾಲಾಕ್ಷಮ್ಮ ಬಗ್ಗಿದರೆ ಏಳಲಾರಳು. ಅದಕ್ಕಾಗಿಯೇ ಮಗಳಿಗೆ ಎಂಟು ತಿಂಗಳು ತುಂಬಿದಾಗ ಒಬ್ಬಳೇ ಬಸ್ಸು ಹತ್ತಿ ಕುಶಾಲನಗರಕ್ಕೆ ಹೋಗಿ, ನಿಂತೇ ಆವಿಯಲ್ಲಿ ನೆಲ ಒರೆಸುವ ಸ್ಟೀಮ್ ಮಾಪ್ ನೋಡಿದಳು.

ಅಂಗಡಿಯವನು ಮೂರು ಇಳಿಸಿದ. ಮೊದಲನೆಯದರ ನೀರಿನ ತೊಟ್ಟಿ ದೊಡ್ಡದು, ಎತ್ತಿ ನೋಡಿದರೆ ತೋಳು ಸೋಲುತ್ತಿತ್ತು. ಎರಡನೆಯದು ಹಗುರ, ಆದರೆ ವಯರು ಗಿಡ್ಡ, ಬಾಣಂತಿ ಕೋಣೆಯ ಪ್ಲಗ್ಗು ಬೀರುವಿನ ಹಿಂದಿದೆ. ಮೂರನೆಯದರ ತಲೆ ಎತ್ತ ಬೇಕಾದರೂ ತಿರುಗುತ್ತಿತ್ತು, ಮಂಚದ ಕೆಳಗೆ ಚಪ್ಪಟೆಯಾಗಿ ನುಗ್ಗುತ್ತಿತ್ತು, ಬಟ್ಟೆ ಬಿಚ್ಚಿ ಒಗೆಯಬಹುದಿತ್ತು. ಅವಳು ಅದನ್ನೇ ಹಿಡಿದು ಅಂಗಡಿಯ ನೆಲದ ಮೇಲೆ ಎರಡು ಸಲ ಓಡಿಸಿದಳು. ಮಂಡಿ ನೋಯಲಿಲ್ಲ.

"ನಿಮ್ಮನೇದು ಟೈಲ್ಸ್ ತಾನೆ ಅಮ್ಮಾ? ಮರದ ನೆಲ, ಮೇಣ ತಿಕ್ಕಿದ ಕೆಂಪು ನೆಲ ಆದ್ರೆ ಬೇಡ, ಹಾಳಾಗ್ತದೆ," ಅಂದ ಅಂಗಡಿಯವನು. "ಇನ್ನೊಂದು, ಬೋರ್ ನೀರು ಹಾಕ್ಬೇಡಿ, ಒಳಗೆ ಸುಣ್ಣ ಕಟ್ತದೆ. ಫಿಲ್ಟರ್ ನೀರು ಮಾತ್ರ. ಬೇರೆ ಏನೂ ಹಾಕ್ಬೇಡಿ. ಸೋಪು, ಎಣ್ಣೆ, ಫಿನಾಯಿಲ್, ಏನೂ."

"ಮತ್ತೆ ವಾಸನೆ?"

"ಬಿಸಿನೀರಿನ ಆವಿ ಅಮ್ಮಾ. ಅದಕ್ಕೆಂಥ ವಾಸನೆ?"

ವಿಶಾಲಾಕ್ಷಮ್ಮ ತಲೆಯಾಡಿಸಿದಳು. ದುಡ್ಡು ಕೊಟ್ಟು ಮಿಷನ್ನನ್ನು ಮನೆಗೆ ತಂದಳು, ಆದರೆ ಮನಸ್ಸು ಒಪ್ಪಲಿಲ್ಲ. ವಾಸನೆ ಬರದೆ ಕ್ರಿಮಿ ಸಾಯುವುದೆಂದರೇನು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವಳು ಅವಳು.

ಡಿಸೆಂಬರಿನಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಆಸ್ಪತ್ರೆಯಿಂದ ಮನೆಗೆ ಬಂದ ದಿನ ವಿಶಾಲಾಕ್ಷಮ್ಮ ಕಿಟಕಿಗಳನ್ನು ಮುಚ್ಚಿ, ಸಂದಿಗೆ ಹಳೆ ಸೀರೆ ತುರುಕಿದಳು. ಬಾಣಂತಿಗೆ ಗಾಳಿ ಸೋಕಬಾರದು, ಕೊಡಗಿನ ಡಿಸೆಂಬರ್ ಗಾಳಿಯಂತೂ ಮೂಳೆಗೆ ಇಳಿಯುತ್ತದೆ. ನಂತರ ಮಿಷನ್ನಿನ ತೊಟ್ಟಿಗೆ ಫಿಲ್ಟರ್ ನೀರು ತುಂಬಿಸಿದಳು. ಅಷ್ಟು ಮಾತು ಕೇಳಿದಳು. ಆಮೇಲೆ ಎರಡು ಮುಚ್ಚಳ ಫಿನಾಯಿಲ್ ಹಾಕಿದಳು.

ಅರ್ಧ ನಿಮಿಷಕ್ಕೆ ಮಿಷನ್ನು ಬುಸ್ಸೆಂದಿತು. ಬೆಳ್ಳಗಿನ ಆವಿ ಟೈಲ್ಸಿನ ಮೇಲೆ ಹರಡಿ, ಮಂಚದ ಕಾಲು ಸುತ್ತಿ, ಮೇಲೇರಿತು. ಬಕೆಟ್ಟಿನಲ್ಲಿ ಕದಡಿದ ಫಿನಾಯಿಲ್ ನೆಲದಲ್ಲೇ ಇರುತ್ತಿತ್ತು, ಇದು ಕೋಣೆಯನ್ನೆಲ್ಲ ತುಂಬಿತು. ಅವಳಿಗೆ ಸಮಾಧಾನವಾಯಿತು. ಬಾಗಿಲ ಹೊರಗೆ ಪಾತ್ರೆ ಹಿಡಿದು ನಿಂತಿದ್ದ ಬೆಳ್ಳಿ ಸೆರಗು ಮೂಗಿಗೆ ಒತ್ತಿಕೊಂಡಳು.

"ಅಮ್ಮಾ, ಇದು ಉಸ್ರಿಗೆ ಕಟ್ತದೆ. ಒಂಚೂರು ಕಿಟಕಿ ತೆಗೀರಿ."

"ನಿನ್ನ ಕೆಲಸ ನೋಡ್ಕೊಳೆ," ಅಂದಳು ವಿಶಾಲಾಕ್ಷಮ್ಮ.

ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮಗು ಹುಟ್ಟಿದ ಐದನೆಯ ದಿನ ಹೊಸ್ತಿಲ ಬಳಿ ಇರುವೆಗಳು ಸಾಲಾಗಿ ಸತ್ತು ಬಿದ್ದಿದ್ದವು. ಏಳನೆಯ ದಿನ ತೊಟ್ಟಿಲಿಗೆ ಮೂರು ಮೊಳ ದೂರದಲ್ಲಿ ಗೋಡೆಯ ಹಲ್ಲಿಯೊಂದು ಹೊಟ್ಟೆ ಮೇಲೆ ಮಾಡಿ ಬಿದ್ದಿತ್ತು. ಇನ್ನೊಬ್ಬಳಾಗಿದ್ದರೆ ಶಕುನ ಕೇಳುತ್ತಿದ್ದಳು. ವಿಶಾಲಾಕ್ಷಮ್ಮ ಅದನ್ನು ಕಾಗದದಲ್ಲಿ ಎತ್ತಿಕೊಂಡು ಹೋಗಿ ಗಂಡನಿಗೆ ತೋರಿಸಿದಳು.

"ನೋಡ್ರೀ, ಹಲ್ಲೀನೆ ಉಳೀಲಿಲ್ಲ. ಇನ್ನು ಕ್ರಿಮಿ ಉಳಿಯುತ್ತಾ?"

ಜಯಪ್ಪ ಹಲ್ಲಿಯನ್ನೂ ಹೆಂಡತಿಯನ್ನೂ ನೋಡಿ ಪೇಪರಿಗೆ ಮುಖ ಹಾಕಿದ. ಬಾಣಂತಿ ಕೋಣೆ ಗಂಡಸಿನ ವಿಚಾರವಲ್ಲ.

ದಿವ್ಯಶ್ರೀ ಕಣ್ಣು ಉರಿ ಅಂದಳು. ಬಾಣಂತಿ ಕಣ್ಣು, ಹಾಗೇ ಇರುತ್ತದೆ ಅಂದಳು ತಾಯಿ. ತಲೆನೋವು ಅಂದಳು. ನಿದ್ದೆ ಕಡಿಮೆಯಾಗಿದೆ ಅಂದಳು ತಾಯಿ. ಮಗು ಸೀನಿತು, ಮೂಗು ಕಟ್ಟಿ ಹಾಲು ಬಿಟ್ಟು ಬಿಟ್ಟು ಕುಡಿಯಿತು. ವಿಶಾಲಾಕ್ಷಮ್ಮ ಬೆರಳು ಮಡಚಿ ದಿನ ಎಣಿಸಿದಳು. ನಾಳೆ ಒಂಬತ್ತನೆಯ ದಿನ. ಎಲ್ಲಿಂದಲೋ ಥಂಡಿ ನುಸುಳುತ್ತಿದೆ, ನೆಲದಲ್ಲಿ ಏನೋ ಉಳಿದುಕೊಂಡಿದೆ. ಬಾಗಿಲ ಅಡಿಗೆ ಇನ್ನೊಂದು ಸೀರೆ ಒತ್ತಿದಳು. ಎರಡು ಮುಚ್ಚಳ ಇದ್ದದ್ದು ನಾಲ್ಕಾಯಿತು, ಎರಡು ಸಲ ಇದ್ದದ್ದು ಮೂರಾಯಿತು. ಮಗು ಸೀನಿದಷ್ಟೂ ಅವಳು ಒರೆಸಿದಳು, ಅವಳು ಒರೆಸಿದಷ್ಟೂ ಮಗು ಸೀನಿತು.

ಒಂಬತ್ತನೆಯ ದಿನವನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಮಗುವಿನ ದವಡೆಯನ್ನು ಗಳಿಗೆಗೊಮ್ಮೆ ಬೆರಳಲ್ಲಿ ಮುಟ್ಟಿ ನೋಡಿದಳು. ಮೆತ್ತಗಿತ್ತು. ದಿನ ಕಳೆಯಿತು. ಗೆದ್ದೆ ಅಂದುಕೊಂಡಳು, ದೇವರ ಮುಂದೆ ಕೂತು ಅತ್ತಳು.

ಹತ್ತನೆಯ ದಿನ ಮಧ್ಯಾಹ್ನ ಮಗಳು ಗೋಡೆಗೆ ತಿರುಗಿ ಮಲಗಿದ್ದಳು. ವಿಶಾಲಾಕ್ಷಮ್ಮ ತೊಟ್ಟಿಲ ಕೆಳಗೆ ಮಿಷನ್ನು ಓಡಿಸುತ್ತಿದ್ದಳು. ಆ ಜಾಗದಲ್ಲಿ ಹಾಲು ಚೆಲ್ಲಿದ ಕಲೆಯೊಂದಿತ್ತು, ಅದು ಬಿಡುವವರೆಗೂ ಆವಿಯನ್ನು ಅಲ್ಲೇ ಹಿಡಿದಳು. ಮಗು ಅಳಲು ಬಾಯಿ ತೆರೆಯಿತು. ಅಳು ಅರ್ಧಕ್ಕೆ ನಿಂತಿತು. ಮತ್ತೆ ತೆರೆಯಿತು, ಈ ಸಲ ಸದ್ದೇ ಬರಲಿಲ್ಲ. ಎದೆಗೂಡು ಒಳಕ್ಕೆ ಎಳೆದುಕೊಂಡು ಗುಳಿ ಬೀಳುತ್ತಿತ್ತು. ತುಟಿಯ ಅಂಚು ನೇರಳೆ ಬಣ್ಣಕ್ಕೆ ತಿರುಗಿತ್ತು.

"ದಿವ್ಯಾ," ಎಂದು ಕೂಗಿದಳು. ದಿವ್ಯಶ್ರೀ ಏಳಲು ಹೋಗಿ ತಲೆ ಸುತ್ತಿ ಮಂಚದ ಮೇಲೇ ಕುಸಿದಳು.

ಬಾಗಿಲು ದೂಡಿಕೊಂಡು ಬೆಳ್ಳಿ ಬಂದು ಹೊಸ್ತಿಲ ಮೇಲೆ ನಿಂತಳು. ಆ ಗಳಿಗೆಯಲ್ಲಿ ವಿಶಾಲಾಕ್ಷಮ್ಮನ ಬಾಯಿಂದ ಹೊರಟ ಮಾತು ಇದು:

"ಒಳಗೆ ಬರ್ಬೇಡ."

ಬೆಳ್ಳಿ ಬಂದಳು. ಸಂದಿಗೆ ತುರುಕಿದ್ದ ಸೀರೆ ಕಿತ್ತೆಸೆದು ಕಿಟಕಿ ತೆರೆದಳು, ಮಗುವನ್ನು ತೊಟ್ಟಿಲಿಂದ ಎತ್ತಿ ಎದೆಗೆ ಒತ್ತಿಕೊಂಡು ಜಗಲಿಗೆ ಓಡಿದಳು. ಹೊರಗಿನ ತಣ್ಣನೆ ಗಾಳಿಯಲ್ಲಿ ಮಗುವನ್ನು ಸ್ವಲ್ಪ ಎತ್ತರಿಸಿ ಹಿಡಿದು, ಬೆನ್ನು ಸವರುತ್ತಾ, ತನ್ನ ಭಾಷೆಯಲ್ಲಿ ಏನೋ ಹೇಳುತ್ತಾ ನಿಂತಳು. ಸ್ವಲ್ಪ ಹೊತ್ತಿಗೆ ಬೆಕ್ಕಿನ ಮರಿಯಂಥ ಸಣ್ಣ ದನಿ ಕೇಳಿತು. ಅಂಗಡಿಯಿಂದ ಜಯಪ್ಪ ಓಡಿ ಬಂದ, ಯಾರದೋ ಜೀಪು ಸಿಕ್ಕಿತು. ಮಡಿಕೇರಿಯ ಆಸ್ಪತ್ರೆಯವರೆಗೂ ಮಗು ಬೆಳ್ಳಿಯ ತೊಡೆಯ ಮೇಲೇ ಇತ್ತು, ಅದನ್ನು ಅವಳ ಕೈಯಿಂದ ತೆಗೆದುಕೊಳ್ಳುವ ಧೈರ್ಯ ಯಾರಿಗೂ ಆಗಲಿಲ್ಲ.

ಡಾಕ್ಟರಮ್ಮ ಮಗುವಿಗೆ ಆಮ್ಲಜನಕ ಇಟ್ಟು ಹೊರಗೆ ಬಂದಾಗ ಸಂಜೆಯಾಗಿತ್ತು. ಉಸಿರಿನ ನಾಳ ಒಳಗೆಲ್ಲ ಕೆಂಪಾಗಿ ಊದಿಕೊಂಡಿದೆ ಎಂದಳು. ಎರಡು ದಿನ ಕಳೆಯದೆ ಏನೂ ಹೇಳಲಾಗದು ಎಂದಳು.

"ಮಗು ಇದ್ದ ರೂಮಲ್ಲಿ ಹೊಗೆ, ಸ್ಪ್ರೇ, ಏನಾದ್ರೂ ಹಾಕ್ತಿದ್ರಾ?"

"ಸೊಳ್ಳೆಬತ್ತಿ ಕೂಡ ಹಚ್ಚಲ್ಲ ಮೇಡಂ. ನಮ್ಮನೇಲಿ ಬರೀ ಕ್ಲೀನು," ಅಂದ ಜಯಪ್ಪ. ಆಮೇಲೆ ಅವನ ಕಣ್ಣು ಗೋಡೆಗೊರಗಿ ನಿಂತ ಬೆಳ್ಳಿಯ ಕಡೆ ತಿರುಗಿತು. ಮನೆಯ ನೆಲ ಒರೆಸುವವಳು ಅವಳಲ್ಲವೆ. "ಏನೆ, ಏನು ಹಾಕಿ ಒರಸ್ದೆ ನೀನು?"

ಬೆಳ್ಳಿ ತಲೆ ತಗ್ಗಿಸಿದಳು. ನಾನಲ್ಲ ಎಂದು ಹೇಳಲಿಲ್ಲ. ಅಮ್ಮನವರು ಪಕ್ಕದಲ್ಲೇ ಇದ್ದರು, ಹೇಳಬೇಕಾದವರು ಅವರು. ಡಾಕ್ಟರಮ್ಮನೂ ಬೆಳ್ಳಿಯನ್ನೇ ನೋಡಿದಳು. ಸುಮ್ಮನಿದ್ದರೆ ಸಾಕಿತ್ತು, ಎಲ್ಲವೂ ತಾನಾಗಿಯೇ ಬೆಳ್ಳಿಯ ತಲೆ ಮೇಲೆ ಕೂರುತ್ತಿತ್ತು, ನಾಳೆಯಿಂದ ಅವಳು ಕೆಲಸಕ್ಕೆ ಬರುತ್ತಿರಲಿಲ್ಲ. ವಿಶಾಲಾಕ್ಷಮ್ಮ ಸುಮ್ಮನಿದ್ದಳು ಕೂಡ. ಒಂದು ಸ್ಟ್ರೆಚರ್ ಹಾದುಹೋಗುವಷ್ಟು ಹೊತ್ತು.

"ಅವಳಲ್ಲ," ಅಂದಳು ಆಮೇಲೆ. "ಆ ಕೋಣೆಗೆ ಅವಳನ್ನ ನಾನು ಬಿಟ್ಟೇ ಇಲ್ಲ. ಸ್ಟೀಮ್ ಮಿಷನ್ನಿಗೆ ಫಿನಾಯಿಲ್ ಹಾಕಿದ್ದು ನಾನು. ಕಿಟಕಿ ಮುಚ್ಚಿದ್ದೂ ನಾನು."

"ಅದಕ್ಕೆ ಬರೀ ನೀರು ಹಾಕ್ಬೇಕು ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿದ್ದ ದಿವ್ಯಶ್ರೀ ತಾಯಿಯನ್ನು ನೋಡಿ, ಎದ್ದು, ಮಗುವಿದ್ದ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಬೈದಿದ್ದರೆ ವಿಶಾಲಾಕ್ಷಮ್ಮನಿಗೆ ಉಸಿರಾದರೂ ಬರುತ್ತಿತ್ತು.

ಮಗು ಉಳಿಯಿತು. ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಆಮ್ಲಜನಕದ ನಳಿಕೆ ತೆಗೆದರು, ಐದನೆಯ ದಿನ ಮನೆಗೆ ಹೋಗಬಹುದು ಎಂದರು. ಮುಂದೆಯೂ ಎದೆ ಗೊರಗುಟ್ಟಿದರೆ ತಡ ಮಾಡದೆ ಕರೆತನ್ನಿ, ಕೆಲವು ಮಕ್ಕಳಿಗೆ ಇದು ವರ್ಷಗಟ್ಟಲೆ ಕಾಡುತ್ತದೆ ಎಂದು ಡಾಕ್ಟರಮ್ಮ ಹೇಳಿ ಹೋದಳು. ದಿವ್ಯಶ್ರೀಯ ಗಂಡ ಕುಶಾಲನಗರದಿಂದ ಕಾರು ತಂದಿದ್ದ. ಬಾಣಂತನ ಇನ್ನು ಅತ್ತೆಮನೆಯಲ್ಲಿ ಎಂದು ತೀರ್ಮಾನವಾಗಿತ್ತು. ಯಾರು, ಯಾವಾಗ ತೀರ್ಮಾನಿಸಿದರೆಂದು ವಿಶಾಲಾಕ್ಷಮ್ಮ ಕೇಳಲಿಲ್ಲ. ದಿವ್ಯಶ್ರೀಗೆ ತಿಂಡಿ ತಂದಿದ್ದ ಬೆಳ್ಳಿ ಬಾಗಿಲ ಬಳಿ ನಿಂತಿದ್ದಳು.

"ತಾಯಿ ಬಂದು ಸಹಿ ಹಾಕ್ಬೇಕು. ಮಗೂನ ಯಾರಾದ್ರೂ ಹಿಡ್ಕೊಳ್ಳಿ," ಎಂದಳು ನರ್ಸು.

ವಿಶಾಲಾಕ್ಷಮ್ಮ ಎದ್ದಳು. ಬೆಳಿಗ್ಗೆಯಿಂದ ಮೂರು ಸಲ ಸೋಪು ಹಚ್ಚಿ ತೊಳೆದ ಎರಡು ಕೈಯನ್ನೂ ಚಾಚಿದಳು. ದಿವ್ಯಶ್ರೀ ಮಗುವನ್ನು ಎದೆಗಪ್ಪಿಕೊಂಡು ತಾಯಿಯ ಪಕ್ಕದಿಂದ ಹಾದು ಬಾಗಿಲಿಗೆ ಹೋದಳು.

"ನೀನ್ ಹಿಡ್ಕೊ ಬೆಳ್ಳಿ," ಅಂದಳು.

ಬೆಳ್ಳಿ ಅಮ್ಮನವರ ಮುಖ ನೋಡಿದಳು. ವಿಶಾಲಾಕ್ಷಮ್ಮ ತಲೆಯಾಡಿಸಿದಳು. ಬೆಳ್ಳಿ ಮಗುವನ್ನು ತೆಗೆದುಕೊಂಡು ತೆರೆದ ಕಿಟಕಿಯ ಹತ್ತಿರ ಹೋಗಿ ನಿಂತಳು. ವಿಶಾಲಾಕ್ಷಮ್ಮ ಖಾಲಿ ಮಂಚದ ತುದಿಯಲ್ಲಿ ಕೂತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಸೆರಗಿನ ಒಳಗೆ ಇಟ್ಟುಕೊಂಡಳು.