ಸಬೀರಾ ಕಟ್ಟುವ ನೊಣ, ಮಾಲೀಕರ ಹೆಸರು

ಬೆಳಗಿನ ಐದೂಮುಕ್ಕಾಲು. ವಿಮಾನ ನಿಲ್ದಾಣದ ಹಾದಿಯ ಕೋಗಿಲಿನ ಗಲ್ಲಿಯಲ್ಲಿ ಹಾಲಿನವನ ಗಾಡಿ ಇನ್ನೂ ಬಂದಿಲ್ಲ. ನಮಾಜು ಮುಗಿಸಿದ ಸಬೀರಾ ಕಿಟಕಿಯ ಪಕ್ಕದ ಮೇಜಿಗೆ ಕೂತಾಗಿದೆ. ಮೇಜಿನ ಅಂಚಿಗೆ ಬಿಗಿದ ಪುಟ್ಟ ಚಿಮಟದಲ್ಲಿ ಒಂದು ಗಾಳದ ಕೊಕ್ಕೆ, ಅಕ್ಕಿಕಾಳಿಗಿಂತ ಚೂರು ಉದ್ದ. ಅದಕ್ಕೆ ಹುಂಜದ ಕತ್ತಿನ ಗರಿಯೊಂದನ್ನು ಎಡಗೈಯಲ್ಲಿ ಸುತ್ತುತ್ತಾರೆ. ಇಪ್ಪತ್ತಾರು ಸುತ್ತು, ಒಂದು ಗಂಟು. ಮೆಲ್ಲಗೆ ಊದಿದರೆ ಗರಿಯ ಎಳೆಗಳು ಬಿಚ್ಚಿಕೊಂಡು, ಕೊಕ್ಕೆ ನೊಣವಾಗಿ ನಿಲ್ಲುತ್ತದೆ.

ಹೆಬ್ಬಾಳ ಕೆರೆಯ ದಂಡೆಯಲ್ಲಿ ಗಾಳ ಹಾಕುವವರು ಎರೆಹುಳು ಚುಚ್ಚಿ ಕೂರುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ದುಡ್ಡಿದ್ದವರ ಗಾಳ ಬೇರೆ. ಅವರು ತಣ್ಣನೆಯ ಹೊಳೆಗಳನ್ನು ಹುಡುಕಿಕೊಂಡು ಹೋಗಿ, ಮೊಣಕಾಲು ನೀರಿನಲ್ಲಿ ನಿಂತು, ಗರಿ-ದಾರದ ಇಂಥ ನೊಣವನ್ನು ನೀರಿನ ಮೇಲೆ ಎಸೆದು ಮೀನನ್ನು ಮೋಸ ಮಾಡುತ್ತಾರೆ. ಇದಕ್ಕೆ ಫ್ಲೈ ಫಿಶಿಂಗ್ ಎಂದು ಹೆಸರು. ಆ ನೊಣಗಳನ್ನು ಕಟ್ಟುವ ಘಟಕವೊಂದು ಹುಣಸಮಾರನಹಳ್ಳಿಯಲ್ಲಿದೆ. ಸಬೀರಾ ಹತ್ತೊಂಬತ್ತು ವರ್ಷದಿಂದ ಅದಕ್ಕೆ ಮನೆಯಲ್ಲೇ ಕೂತು ಕಟ್ಟಿಕೊಡುತ್ತಾರೆ. ದಿನಕ್ಕೆ ಎಪ್ಪತ್ತು ನೊಣ. ಈ ನಡುವೆ ಕನ್ನಡಕ ನಾಲ್ಕು ಸಲ ಬದಲಾಗಿದೆ. ತೋರುಬೆರಳ ತುದಿ ಕೊಕ್ಕೆಯ ಮುಳ್ಳು ಚುಚ್ಚಿಸಿಕೊಂಡು ಮರಗಟ್ಟಿ, ಬಿಸಿ ತವಾ ಮುಟ್ಟಿದರೂ ಗೊತ್ತಾಗುವುದಿಲ್ಲ.

ಎಲ್ಲ ನಮೂನೆಗಳೂ ಹೊರದೇಶದಿಂದ ಬಂದವು, ಒಂದನ್ನು ಬಿಟ್ಟು. ಎಂಟು ವರ್ಷದ ಹಿಂದೆ ಮಳೆಗಾಲದಲ್ಲಿ ಗರಿಯ ಸರಬರಾಜು ನಿಂತಿತ್ತು. ಸುಮ್ಮನೆ ಕೂರಲಾಗದೆ ಸಬೀರಾ ಪಕ್ಕದ ಮನೆ ಕೃಷ್ಣಮ್ಮನವರ ನಾಟಿ ಹುಂಜದ ಗರಿ ತಂದರು. ಟೀ ಸೊಪ್ಪಿನ ನೀರಿನಲ್ಲಿ ನೆನೆಹಾಕಿ, ಹಳೆಯ ದುಪಟ್ಟಾದ ಒಂದು ಜರಿ ಎಳೆಯನ್ನು ನೊಣದ ಹೊಟ್ಟೆಗೆ ಕೊಟ್ಟು, ತಮ್ಮ ಎಡಗೈ ರೂಢಿಯಂತೆ ಉಲ್ಟಾ ಸುತ್ತಿದರು. ಆ ಉಲ್ಟಾ ಸುತ್ತಿನಿಂದಲೇ ಅದು ನೀರಿನ ಮೇಲೆ ನಡುಗುತ್ತದಂತೆ, ಜೀವವಿದ್ದಂತೆ. ಘಟಕದ ಮಾಲೀಕರು ಹತ್ತು ನೊಣ ಹೊಳೆಗೆ ಒಯ್ದರು, ಮೀನು ಮುಗಿಬಿದ್ದವು. ಮುಂದಿನ ವರ್ಷ ಅದು ಪೊಟ್ಟಣದಲ್ಲಿ ಬಂತು. ಪೊಟ್ಟಣದ ಮೇಲೆ ಮಾಲೀಕರದೇ ಹೆಸರು, ಅವರದೇ ಸಹಿ.

"ಆವಾಗ ನಂಗೇನೂ ಅನ್ನಿಸ್ಲಿಲ್ಲ. ಕೆಲಸ ಕೊಟ್ಟೋರು, ಹಾಕ್ಕೊಳ್ಲಿ ಅಂದ್ಕೊಂಡೆ" ಎನ್ನುತ್ತಾರೆ ಸಬೀರಾ. ಅನ್ನಿಸಿದ್ದು ಹೋದ ಏಪ್ರಿಲ್‌ನಲ್ಲಿ.

ಹಿಮಾಚಲದ ಕಣಿವೆಯೊಂದರಲ್ಲಿ, ಫೋನಿಗೆ ಸಿಗ್ನಲ್ಲೂ ಸಿಗದ ಕಾಡಿನ ನಡುವೆ ಹೊಳೆದಂಡೆಯ ವಸತಿಯೊಂದಿದೆ. ಅಲ್ಲಿಗೆ ಬರುವ ವಿದೇಶಿ ಅತಿಥಿಗಳ ಮುಂದೆ ಕೂತು ನೊಣ ಕಟ್ಟಿ ತೋರಿಸಲು ಸಬೀರಾರನ್ನು ಕರೆದೊಯ್ದರು. ಮಾಲೀಕರು ವಿಮಾನದಲ್ಲಿ ಹೋದರು. ದಿನಕ್ಕೆ ನೂರು ವಿಮಾನ ತಲೆಯ ಮೇಲೆ ಹಾಯುವ ಮನೆಯ ಸಬೀರಾ, ಘಟಕದ ಮೇಸ್ತ್ರಿ ಯೋಗಾನಂದರ ಜೊತೆ ಯಶವಂತಪುರದಲ್ಲಿ ರೈಲು ಹತ್ತಿದರು. ಎರಡು ರಾತ್ರಿ ರೈಲು, ಒಂದು ಹಗಲು ಜೀಪು, ಕೊನೆಗೆ ಮೂರು ಮೈಲಿ ಏರುಹಾದಿಯ ನಡಿಗೆ.

ಅಷ್ಟಾದರೂ ಹೊಳೆದಂಡೆಯ ಆ ಬೆಳಗಿನ ಮಾತು ಬಂದರೆ ಈಗಲೂ ಅವರ ಮುಖ ಅರಳುತ್ತದೆ. ಸಬೀರಾ ಆಗಷ್ಟೇ ಕಟ್ಟಿಕೊಟ್ಟ ಜರಿ ಎಳೆಯ ನೊಣವನ್ನು ಬಿಳಿಕೂದಲಿನ ವಿದೇಶಿ ಹೆಂಗಸೊಬ್ಬರು ನೀರಿಗೆ ಎಸೆದರು. ಅದು ತೇಲಿತು, ನಡುಗಿತು. ನೀರು ಒಡೆದು ಮೀನೊಂದು ಮೇಲೆದ್ದು ನುಂಗಿತು. ಲಕ್ಷಗಟ್ಟಲೆ ನೊಣ ಕಟ್ಟಿದ ಕೈಗಳು ಮೊದಲ ಬಾರಿಗೆ ತಮ್ಮ ಕೆಲಸ ಏನೆಂದು ನೋಡಿದ್ದವು. "ಮೀನೇ ಮೋಸ ಹೋಯ್ತಲ್ಲ ಅಂತ ಅಳು ಬಂತು ನಂಗೆ" ಎನ್ನುತ್ತಾರೆ. ಹಿಡಿದ ಮೀನನ್ನು ಆ ಹೆಂಗಸು ಮುದ್ದಿಸಿ ಮತ್ತೆ ಹೊಳೆಗೇ ಬಿಟ್ಟರು. ಇಷ್ಟು ದೂರ ಬಂದು ಸಾರು ಮಾಡದೆ ಬಿಡುವುದೇ ಎಂದು ಸಬೀರಾ ಯೋಗಾನಂದರ ಕಿವಿಯಲ್ಲಿ ಕೇಳಿದರಂತೆ.

ಮಧ್ಯಾಹ್ನ ದಂಡೆಯಲ್ಲೇ ಊಟ. ಈ ನೊಣವನ್ನು ನಾನೇ ಕಂಡುಹಿಡಿದದ್ದು, ಮೂರು ವರ್ಷ ತಲೆ ಕೆಡಿಸಿಕೊಂಡೆ ಎಂದು ಮಾಲೀಕರು ಅತಿಥಿಗಳಿಗೆ ಹೇಳುತ್ತಿದ್ದರು. ಬಿಳಿಕೂದಲಿನ ಹೆಂಗಸು ಅಷ್ಟಕ್ಕೇ ಬಿಡಲಿಲ್ಲ. ಬೆಳಗಿನಿಂದ ಆ ಎಡಗೈಯನ್ನೇ ನೋಡಿದ್ದವರು ಅವರು. ಸಬೀರಾರತ್ತ ತಿರುಗಿ, ಇದನ್ನು ಮೊದಲು ಕಟ್ಟಿದ್ದು ಯಾರು ಎಂದು ಕೇಳಿದರು. ಯೋಗಾನಂದ ಕನ್ನಡಕ್ಕೆ ತಿರುಗಿಸಿ, ತಲೆ ತಗ್ಗಿಸಿ ನಿಂತರು. ಯಾರದೋ ಫೋನು ವಿಡಿಯೋ ಹಿಡಿಯುತ್ತಿತ್ತು.

ಸಬೀರಾ ಹೇಳಿದ್ದು ಎರಡೇ ಮಾತು: "ಸಾರ್ ಮಾಡಿದ್ದು."

ಹೆದರಿಕೆಯಿಂದ ಹೇಳಿದ್ದಲ್ಲ, ಮರ್ಯಾದೆಗೆ ಹೇಳಿದ್ದು. "ಅವರ ಅನ್ನ ನನ್ನ ತಟ್ಟೇಲಿತ್ತು. ಅಷ್ಟು ಜನದ ಮುಂದೆ ಅವರು ಆಡಿದ ಮಾತನ್ನ ಸುಳ್ಳು ಅನ್ನೋಕಾಗುತ್ತಾ? ಆಮೇಲೆ ಅವರೇ ಒಂದು ಮಾತು ಹೇಳ್ತಾರೆ, ನಮ್ಮ ಸಬೀರಾನೂ ಇದ್ಲು ಅಂತಾರೆ ಅಂದ್ಕೊಂಡೆ." ಅವರು ಹೇಳಲಿಲ್ಲ. ಇನ್ನೊಬ್ಬರ ಮಾನ ಕಾಯಲು ಹೋಗಿ ತನ್ನದನ್ನು ಕಳೆದುಕೊಳ್ಳುವ ಈ ತಪ್ಪನ್ನು ನಮ್ಮ ದುಡಿಯುವ ಹೆಂಗಸರು ಎಷ್ಟು ಸಲ ಮಾಡಿದ್ದಾರೋ, ಮೈ ಉರಿಯುತ್ತದೆ.

ಊರಿಗೆ ಮರಳಿದ ಮೇಲೆ ಸಬೀರಾ ಘಟಕಕ್ಕೆ ಹೋಗಿ ಒಂದೇ ಒಂದು ಕೇಳಿದರು: ಪೊಟ್ಟಣದ ಹಿಂಬದಿಯಲ್ಲಿ, ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಾದರೂ ತಮ್ಮ ಹೆಸರು. ಮಾಲೀಕರು ಗದರಲಿಲ್ಲ. ಫೋನು ತೆಗೆದು ಹೊಳೆದಂಡೆಯ ಆ ವಿಡಿಯೋ ತೋರಿಸಿದರು. ನೀವೇ ಹೇಳಿದ್ದೀರಲ್ಲಮ್ಮ ಎಂದು ನಕ್ಕರು.

ಈಗ ಸಬೀರಾರ ಬಲಗಣ್ಣಿಗೆ ಪೊರೆ ಬಂದಿದೆ. ಆ ನೊಣಕ್ಕೆ ಬೇಡಿಕೆ ದುಪ್ಪಟ್ಟಾಗಿದೆ. ಬೇರೆಯವರು ಕಟ್ಟಿದ್ದು ನೀರಿನ ಮೇಲೆ ಸತ್ತಂತೆ ತೇಲುತ್ತದೆ. ಗರಿ ಎಷ್ಟು ಹೊತ್ತು ನೆನೆಯಬೇಕು, ಸುತ್ತು ಎಲ್ಲಿ ಸಡಿಲಾಗಬೇಕು ಎಂಬುದು ಯಾರಿಗೂ ತಿಳಿಯದು. ಕಣ್ಣು ಹೋಗುವ ಮೊದಲು ಐದು ಹುಡುಗಿಯರಿಗೆ ಕಲಿಸಿಕೊಡಬೇಕು, ಇಲ್ಲವಾದರೆ ಸಬೀರಾರಿಗೆ ಕೆಲಸ ಕೊಡುವುದೇ ನಿಲ್ಲುತ್ತದೆ ಎಂದು ಘಟಕದಿಂದ ಹೇಳಿಕಳಿಸಿದ್ದಾರೆ. ಸಬೀರಾ ಜಿಪುಣಿಯಲ್ಲ. ಮಿಕ್ಕ ನಮೂನೆಗಳನ್ನು ಇಪ್ಪತ್ತಕ್ಕೂ ಹೆಚ್ಚು ಹೆಂಗಸರಿಗೆ ಕೈಹಿಡಿದು ಕಲಿಸಿದವರು.

ಆ ಮಾತು ಹೊತ್ತು ತಂದ ಯೋಗಾನಂದ ಹೊಸಿಲಲ್ಲೇ ನಿಂತು, ಹೇಳಿಕೊಡಿ ಆಪಾ, ಸುಮ್ಮನೆ ಕೆಲಸ ಯಾಕೆ ಕಳೆದುಕೊಳ್ಳುತ್ತೀರಿ ಎನ್ನುತ್ತಾರೆ. ಸಬೀರಾ ಕಟ್ಟುತ್ತಿದ್ದ ನೊಣದ ಗಂಟು ಬಿಗಿದು, ದಾರ ಕತ್ತರಿಸಿ, ತಲೆ ಎತ್ತುತ್ತಾರೆ.

"ನಾನ್ಯಾಕೆ ಹೇಳ್ಕೊಡ್ಲಿ ಯೋಗಾನಂದ್? ಮಾಡಿದ್ದು ಸಾರ್ ತಾನೇ. ಅವರೇ ಕೂತು ಒಂದು ಕಟ್ಟಿ ತೋರಿಸ್ಲಿ."